ಸೋಮವಾರದ ಸಹಿ

ಅಬ್ದುಲ್ ಸಾಬರು ಆ ಒಂದು ಮಾತು ಹೇಳದೇ ಇದ್ದಿದ್ದರೆ ಓವೈಸ್ ಮತ್ತೆ ಕಳ್ಳತನದ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಹಾಗಂತ ಅವನು ತನಗೆ ತಾನೇ ಹೇಳಿಕೊಂಡಿದ್ದ. ತನ್ನ ಮಾತನ್ನು ತಾನೇ ನಂಬುವುದರಲ್ಲಿ ಅವನನ್ನು ಮೀರಿಸುವವರು ಶಿವಾಜಿನಗರದಲ್ಲಿ ಇರಲಿಲ್ಲ.

ಕಳ್ಳತನದ ಕೇಸಿನಲ್ಲಿ ಮೂರು ವರ್ಷ ಜೈಲಿನಲ್ಲಿದ್ದು, ಇನ್ನೆರಡು ವರ್ಷ ಬಾಕಿ ಇರುವಾಗಲೇ ಸನ್ನಡತೆಯ ಮೇಲೆ ಹೊರಬಂದವನು ಓವೈಸ್. ಪ್ರತಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರೊಬೇಷನ್ ಆಫೀಸರ್ ಪ್ರೇಮ್‌ಕುಮಾರ್ ಅವರ ಮುಂದೆ ಹೋಗಿ ಸಹಿ ಹಾಕಬೇಕು. ಎಡವಿದರೆ ಆ ಎರಡು ವರ್ಷ ಮತ್ತೆ ಒಳಗೆ. ಈ ಸಹಿಯ ಕಾಟ ಮುಗಿಯುವ ತನಕ ಬರುವುದಿಲ್ಲ ಎಂದು ಹೆಂಡತಿ ಉಮ್ಮೆ ಕುಲ್ಸುಂ ಕೆ.ಆರ್. ಪುರದ ತವರಿನಲ್ಲಿ ಕೂತಿದ್ದಳು. ಸಹಿಯಿಂದ ಬಿಡುಗಡೆ ಕೊಡಬಹುದೇ ಎಂದು ವರದಿ ಬರೆಯಲು ಪ್ರೇಮ್‌ಕುಮಾರ್ ಬೀದಿಯಲ್ಲಿ ವಿಚಾರಿಸಿದರು. ಅಕ್ಕಪಕ್ಕದವರೆಲ್ಲ ಒಳ್ಳೆಯದನ್ನೇ ಹೇಳಿದರು. ಓವೈಸ್ ಹದಿನೆಂಟು ವರ್ಷ ಕೀಲಿ ಕೊರೆದಿದ್ದ ಬೀಗದಂಗಡಿಯ ಮಾಲೀಕರು ಅಬ್ದುಲ್ ಸಾಬರು ಮಾತ್ರ, "ಹುಡುಗ ಒಳ್ಳೇವ್ನೇ ಸಾರ್. ಆದ್ರೆ ಬೀಗ ಕಂಡ್ರೆ ಕೈ ಸುಮ್ನಿರಲ್ಲ" ಅಂದುಬಿಟ್ಟರು. ಬಿಡುಗಡೆ ಒಂದು ವರ್ಷ ಮುಂದಕ್ಕೆ ಹೋಯಿತು.

ಕೈ ಸುಮ್ಮನಿರುವುದಿಲ್ಲವಂತೆ! ಓವೈಸ್‌ಗೆ ಮೈಯೆಲ್ಲ ಉರಿಯಿತು. ಸಾಬರ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಂಟೋನ್ಮೆಂಟಿನ ಯಾವುದೋ ಬಂಗಲೆಯ ಹಳೇ ಹಿತ್ತಾಳೆ ಬೀಗವಿತ್ತು. ಎರಡೂ ಕೈಯಲ್ಲಿ ಎತ್ತಬೇಕು, ಅಷ್ಟು ಭಾರ. ಸಾಬರಿಗೆ ಅದೆಂದರೆ ಪ್ರಾಣ. ಅದನ್ನೇ ಎತ್ತಿಬಿಡುವುದೆಂದು ಅವನು ತೀರ್ಮಾನಿಸಿದ. ತನ್ನ ಕೈ ಸುಮ್ಮನಿರುತ್ತದೆಂದು ತೋರಿಸಲು ಬೀಗ ಕದಿಯುವುದು ಸರಿಯಾದ ದಾರಿಯೇ ಎಂಬ ಪ್ರಶ್ನೆಯೂ ಬಂತು. ಬಂದಷ್ಟೇ ಬೇಗ ಹೋಯಿತು.

ಈ ಸಲ ತಪ್ಪಾಗಬಾರದು. ಹಿಂದಿನ ಸಲ ಕಾಕ್ಸ್‌ಟೌನಿನ ಮನೆಯೊಂದರ ಬೀಗ ತೆಗೆದು, ಸದ್ದಿಲ್ಲದೆ ಸಾಮಾನು ಎತ್ತಿಕೊಂಡು, ಹೊರಡುವಾಗ ಅಭ್ಯಾಸಬಲದಿಂದ ಬಾಗಿಲಿಗೆ 'ಬೀಗ ರಿಪೇರಿ, ಡೂಪ್ಲಿಕೇಟ್ ಕೀ' ಎಂಬ ತನ್ನ ಸ್ಟಿಕ್ಕರ್ ಅಂಟಿಸಿ ಬಂದಿದ್ದ. ಫೋನ್ ನಂಬರ್ ಸಮೇತ. ಪೊಲೀಸರು ಹುಡುಕಿಕೊಂಡು ಬರುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ, ಫೋನ್ ಮಾಡಿ ಕರೆಸಿಕೊಂಡರು.

ಈಗ ಸ್ಟಿಕ್ಕರ್ ಮನೆಯಲ್ಲೇ ಇರುತ್ತದೆ, ಫೋನೂ ಮನೆಯಲ್ಲೇ. ಬೀದಿಯ ಕ್ಯಾಮೆರಾ ಮೂರು ತಿಂಗಳಿಂದ ಕೆಟ್ಟಿರುವುದನ್ನು ನೋಡಿಕೊಂಡಿದ್ದ. ಎಲ್ಲಕ್ಕಿಂತ ಮಿಗಿಲಾಗಿ, ಅವನ ಪರವಾಗಿ ಸರ್ಕಾರವೇ ಸಾಕ್ಷಿ ಹೇಳುವುದಿತ್ತು. ಪ್ರೇಮ್‌ಕುಮಾರ್ ಕೈಯಲ್ಲಿ ಇನ್ನೂರು ಫೈಲುಗಳು; ಹಲಸೂರಿನ ಒಂದು ಮನೆ ನೋಡಿ ಕೆ.ಆರ್. ಪುರದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಟ್ರಾಫಿಕ್ಕಿನಲ್ಲೇ ದಿನ ಮುಗಿಯುತ್ತಿತ್ತು. ಹಾಗಾಗಿ ತಿಂಗಳ ಮೊದಲ ಸೋಮವಾರವೇ ನಾಲ್ಕೂ ವಾರದ ಸಹಿ ಹಾಕಿಸಿಕೊಂಡು, ಪ್ರತಿಯೊಂದರ ಪಕ್ಕ 'ಹನ್ನೊಂದಕ್ಕೆ ಖುದ್ದು ಹಾಜರು. ಒಂದು ಗಂಟೆ ಬುದ್ಧಿವಾದ ಹೇಳಲಾಯಿತು. ನಡತೆ ತೃಪ್ತಿಕರ' ಎಂದು ತಾವೇ ಬರೆದಿಡುತ್ತಿದ್ದರು. ನಾಳೆ ಯಾರು ಕೇಳಿದರೂ ಅವರು ಹೌದು ಅನ್ನಲೇಬೇಕು. ಇಲ್ಲ ಅಂದರೆ ಅವರ ಕೆಲಸಕ್ಕೇ ಕುತ್ತು.

ಇಪ್ಪತ್ನಾಲ್ಕನೇ ತಾರೀಖಿನ ಸೋಮವಾರ ಎಂದು ಗೊತ್ತುಮಾಡಿದ. ಸೋಮವಾರ ಹನ್ನೊಂದಕ್ಕೆ ಸಾಬರು ಅಂಗಡಿ ಮುಚ್ಚಿ ಮಾಲು ತರಲು ಹೋಗುತ್ತಾರೆ. ಬೀದಿ ತುಂಬ ಜನ ಇರುತ್ತಾರೆಂಬುದೊಂದೇ ಭಯ. ಆದರೆ ಅದೃಷ್ಟ ನೋಡಿ, ಕ್ಯಾಲೆಂಡರಿನಲ್ಲಿ ಭಾನುವಾರವಿದ್ದ ರಂಜಾನ್ ಹಬ್ಬ, ಶನಿವಾರ ಸಂಜೆ ಚಂದ್ರ ಕಾಣಿಸದೆ ಸೋಮವಾರಕ್ಕೆ ಹೋಯಿತು. ಓವೈಸ್ ಮಹಡಿ ಮೇಲೆ ನಿಂತು ಖಾಲಿ ಆಕಾಶಕ್ಕೆ ಸಲಾಮು ಹೊಡೆದ.

ಸೋಮವಾರ ನಮಾಜು ಮುಗಿದ ಮೇಲೆ ಬೀದಿಯವರೆಲ್ಲ ಮನೆಯೊಳಗೆ ಬಿರಿಯಾನಿಯ ಮುಂದಿದ್ದರು. ಸಾಬರು ಹತ್ತೂವರೆಗೆ ಫ್ರೇಜರ್ ಟೌನಿನ ಮಗಳ ಮನೆಗೆ ಹೊರಟರು. ಹನ್ನೊಂದಕ್ಕೆ ಓವೈಸ್ ಹೊಸ ಕುರ್ತಾದಲ್ಲಿ, ಶೀರ್‌ಖುರ್ಮಾ ಪಾಯಸ ಹಂಚಲು ಹೊರಟವನಂತೆ ಚೀಲ ಹಿಡಿದು ಬಂದ. ಅಂಗಡಿಯ ಬೀಗ ಎರಡು ನಿಮಿಷಕ್ಕೆ ಬಾಯಿಬಿಟ್ಟಿತು. ಹಿತ್ತಾಳೆ ಬೀಗ ಚೀಲಕ್ಕಿಳಿಯಿತು. ಹೊರಬಂದು ಬಾಗಿಲಿಗೆ ಮೊದಲಿನ ಹಾಗೇ ಬೀಗ ಹಾಕಿದ. ನೋಡಿದ್ದು ಒಂದು ಬೆಕ್ಕು ಮಾತ್ರ.

ಒಂದು ಗೀರೂ ಇಲ್ಲದೆ ಬೀಗ ತೆಗೆಯುವವನು ಊರಿಗೆಲ್ಲ ಒಬ್ಬನೇ ಎಂದು ಸಾಬರು ದೂರು ಕೊಟ್ಟರು. ಎರಡು ವಾರ ಬಿಟ್ಟು ಸಬ್ ಇನ್‌ಸ್ಪೆಕ್ಟರ್ ಸಂಘಮಿತ್ರಾ ಅವನನ್ನು ಕರೆದುಕೊಂಡು ಪ್ರೊಬೇಷನ್ ಆಫೀಸಿಗೇ ಬಂದರು. ಓವೈಸ್ ಬಯಸಿದ್ದೂ ಅದನ್ನೇ.

ಇಪ್ಪತ್ನಾಲ್ಕನೇ ತಾರೀಖು ಬೆಳಿಗ್ಗೆ ಇವನು ಎಲ್ಲಿದ್ದ ಎಂದು ಅವರು ಕೇಳಿದರು. ಪ್ರೇಮ್‌ಕುಮಾರ್ ಬೆವರೊರೆಸಿಕೊಂಡು ರಿಜಿಸ್ಟರ್ ತೆಗೆದರು, ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲೇ ಇದ್ದ ಮೇಡಂ, ಇದೇ ಕುರ್ಚೀಲಿ. ಒಂದು ಗಂಟೆ ಬುದ್ಧಿ ಹೇಳಿದೀನಿ." ಓವೈಸ್ ತಲೆ ತಗ್ಗಿಸಿ, ಬುದ್ಧಿ ಕೇಳಿಸಿಕೊಂಡವನ ಮುಖ ಮಾಡಿದ. ಕೆ.ಆರ್. ಪುರದಲ್ಲಿದ್ದ ಹೆಂಡತಿಗೆ ಫೋನ್ ಮಾಡಿ ಏನು ಹೇಳಬೇಕೆಂದೂ ಯೋಚಿಸಿದ. ಸಂಘಮಿತ್ರಾ ಆ ಸಾಲನ್ನು ನಿಧಾನವಾಗಿ ಓದಿ, ರಿಜಿಸ್ಟರನ್ನು ತಮ್ಮ ಕಂಕುಳಿಗೆ ಸೇರಿಸಿಕೊಂಡರು. "ಅವತ್ತು ಹಬ್ಬ ಅಲ್ವಾ ಸಾರ್? ಚಂದ್ರ ಕಾಣ್ಲಿಲ್ಲ ಅಂತ ಸರ್ಕಾರಿ ರಜಾನೂ ಸೋಮವಾರಕ್ಕೆ ಹಾಕಿದ್ರು. ಇಡೀ ಆಫೀಸಿಗೇ ಬೀಗ. ನೀವು ಒಳಗೆ ಬರೋಕೆ ಅದನ್ನೂ ಇವನೇ ತೆಗೆದುಕೊಟ್ನಾ?"