ಎಡ ಮಣಿಕಟ್ಟಿನ ಸುಟ್ಟ ಗೆರೆ

"ಅಕ್ಕಾ, ಡಬ್ಬೀಲಿ ನನ್ನ ಕಾಗದ ಇಲ್ಲ!"

ಭಾನುವಾರ ಚರ್ಚಿನಿಂದ ಬಂದು ನಾವಿನ್ನೂ ಟೋಪಿ ತೆಗೆದಿರಲಿಲ್ಲ. ಮಹಡಿಯಿಂದ ಡ್ರುಸಿಲಾ ಕಿರುಚಿದಳು. ಖಾಲಿ ತಗಡಿನ ಡಬ್ಬಿಯನ್ನು ಎದೆಗೊತ್ತಿಕೊಂಡು ಇಳಿದುಬಂದವಳು ಕೊನೆಯ ಮೆಟ್ಟಿಲ ಮೇಲೆ ಕುಸಿದಳು. ಕಣ್ಣೊರೆಸಿಕೊಳ್ಳಲು ಬಲಗೈ ಎತ್ತಿದಾಗ ರವಿಕೆಯ ತೋಳು ಜಾರಿ, ಮಣಿಕಟ್ಟಿನ ಹಳೆಯ ಸುಟ್ಟ ಗುರುತು ಕಂಡಿತು. ನಾನು ನೋಡಿದೆ, ಯೋಚಿಸಲಿಲ್ಲ. ಯೋಚಿಸುವ ಕೆಲಸ ನಮ್ಮಲ್ಲಿ ಕೆಟೂರಾ ಅಕ್ಕನದು.

ಅಕ್ಕ ಫಿಲಡೆಲ್ಫಿಯಾದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತ, ಮಹಡಿಯ ಕೋಣೆಗಳನ್ನು ಡ್ರುಸಿಲಾಳಂಥವರಿಗೆ ಬಾಡಿಗೆಗೆ ಕೊಟ್ಟಿದ್ದಳು. ಕೊಳೆ ನೋಡಿಯೇ ಅಂಗಿಯವನು ಎಲ್ಲಿಗೆ ಹೋಗಿದ್ದ ಎಂದು ಹೇಳುವವಳು. ನಮ್ಮ ಬೀದಿಯಲ್ಲಿ ಏನು ಕಳೆದರೂ ಜನ ಪೊಲೀಸರನ್ನು ಬಿಟ್ಟು ಅವಳ ಹತ್ತಿರ ಬರುತ್ತಿದ್ದರು. ನಾನು ಲೆವಿನ್, ಅವಳ ಬಟ್ಟೆ ಗಾಡಿ ಎಳೆಯುವವನು.

ಕಳೆದದ್ದು ಡ್ರುಸಿಲಾಳ ಬಿಡುಗಡೆ ಪತ್ರ, ಅವಳು ಯಾರ ಗುಲಾಮಳೂ ಅಲ್ಲ ಎಂಬ ಸರಕಾರಿ ಕಾಗದ. ಅವಳು ತನ್ನ ಮನೆಯಿಂದ ಓಡಿಹೋದ ಗುಲಾಮ ಹೆಂಗಸೆಂದು ವರ್ಜೀನಿಯಾದ ಒಬ್ಬ ಧಣಿ ದೂರು ಕೊಟ್ಟಿದ್ದ. ಮರುದಿನ ಹತ್ತು ಗಂಟೆಗೆ ಅವಳು ಪತ್ರ ಹಿಡಿದು ವಿಚಾರಣೆಗೆ ಕಮಿಷನರ ಮುಂದೆ ನಿಲ್ಲಬೇಕಿತ್ತು. ಹಿಂದಿನ ವರ್ಷ, 1850ರಲ್ಲಿ, ವಾಷಿಂಗ್ಟನ್ನಿನ ದೊಡ್ಡವರು ಮಾಡಿದ ಕಾಯಿದೆಯಲ್ಲಿ ಬರೆದೇ ಇತ್ತು: ಇಂಥವರ ಸ್ವಂತ ಮಾತನ್ನು ಸಾಕ್ಷಿಯಾಗಿ ಕೇಳಕೂಡದು. ಥೂ! ಮನುಷ್ಯರಿಗೆ ಬಾಯಿಲ್ಲ, ಕಾಗದಕ್ಕೆ ಮಾತ್ರ ಬಾಯಿ. ಕಾಗದ ಹೋದರೆ ಡ್ರುಸಿಲಾ ಹೋದಳು.

ಶನಿವಾರ ಊಟದ ಹೊತ್ತಿಗೆ ಆ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದವನು ನಾನೇ. ಮೂವತ್ತೆಂಟನೆಯ ವಯಸ್ಸಿನಲ್ಲಿ ಚರ್ಚಿನ ಶಾಲೆಯಲ್ಲಿ ಕಲಿತ ಅಕ್ಷರ, ತೋರಿಸಿಕೊಳ್ಳುವ ಚಪಲ. "ಎತ್ತರ ಐದು ಅಡಿ ಮೂರು ಅಂಗುಲ, ಮೈಬಣ್ಣ ಕಂದು, ಎಡ ಮಣಿಕಟ್ಟಿನ ಒಳಗಡೆ ಸುಟ್ಟ ಗೆರೆ." ಡ್ರುಸಿಲಾ ಆಗ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ಚರ್ಚಿಗೆ ಬಾರದೆ ಮನೆಯಲ್ಲಿ ಉಳಿದವರು ಇಬ್ಬರೇ. ಒಬ್ಬ ಕ್ಷೌರಿಕ ಸೀಫಸ್, ದೇವರಿಗೂ ನಾಲಗೆ ಚಾಚುವವನು. ಇನ್ನೊಬ್ಬಳು ಹೆಸ್ಟರ್, ಶನಿವಾರ ಬೆಳಿಗ್ಗೆಯಷ್ಟೇ ಬಂದ ಸಣ್ಣ ಪ್ರಾಯದ ಹೆಂಗಸು, ಎತ್ತರ ಬಣ್ಣದಲ್ಲಿ ಡ್ರುಸಿಲಾಳಂತೆಯೇ. ಮೇರಿಲ್ಯಾಂಡಿನ ಯಾವ ಧಣಿಯಿಂದ ಓಡಿ ಬಂದೆ ಎಂದು ನಾವು ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ತಲೆನೋವೆಂದು ಮಲಗಿದ್ದಳು. ಹಿಡಿಯುವವರ ಭಯಕ್ಕೆ ಬೀದಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಅಕ್ಕ ಜೊತೆಗೇ ಒಯ್ದಿದ್ದಳು.

ನಾನು ನೇರವಾಗಿ ಹೋಗಿ ಸೀಫಸ್‌ನ ಕೊರಳಪಟ್ಟಿ ಹಿಡಿದೆ. "ಆ ಧಣಿಗೆ ಮಾರ್ಕೊಂಡ್ಯೇನೋ ಲೋಫರ್?"

"ಕೈ ತೆಗಿಯೋ ಗಾಡಿ ಎಳೆಯೋನೆ! ನಾಳೆ ಗಡ್ಡ ಕೆರೆಸ್ಕೊಳ್ಳೋಕೆ ನನ್ನ ಹತ್ರಾನೇ ಕುತ್ತಿಗೆ ಕೊಡ್ತೀಯ, ನೆನಪಿರಲಿ."

"ಬಿಡು ಲೆವಿನ್," ಎಂದಳು ಅಕ್ಕ. "ನಿಂಗೆ ಯಾವಾಗಲೂ ಕೈ ಮುಂದೆ, ತಲೆ ಹಿಂದೆ."

ಅವಳು ಅಡುಗೆ ಒಲೆಯ ಬೂದಿ ಕೆದಕಿದಳು. ಆಮೇಲೆ ಎಡಗೈಗೆ ಚಿಂದಿ ಸುತ್ತಿಕೊಂಡು ನಿಂತಿದ್ದ ಹೆಸ್ಟರ್‌ಳನ್ನು ಕರೆದಳು.

"ಕೈಗೇನಾಯ್ತಮ್ಮ?"

"ಇಸ್ತ್ರಿ ಪೆಟ್ಟಿಗೆ ತಾಗ್ತು ಅಕ್ಕ, ಬೆಳಿಗ್ಗೆ."

"ಬಾ, ಬೆಣ್ಣೆ ಹಚ್ತೀನಿ." ಚಿಂದಿ ಬಿಚ್ಚಿ, ಗಾಯ ನೋಡಿ, ಬೆಣ್ಣೆ ಸವರಿ, ಮತ್ತೆ ಕಟ್ಟಿದಳು. ಡ್ರುಸಿಲಾಳ ರವಿಕೆಯ ಎರಡೂ ತೋಳು ಮೇಲೆ ಸರಿಸಿ ಮಣಿಕಟ್ಟು ನೋಡಿದಳು. ನಂತರ ನಮ್ಮೆಲ್ಲರನ್ನೂ ಇಸ್ತ್ರಿ ಮೇಜಿನ ಸುತ್ತ ಕೂರಿಸಿದಳು.

"ಬೀಗ ಹಾಗೇ ಇತ್ತು. ಕದ್ದೋರು ಒಳಗಿನೋರೇ. ಧಣಿಗೋಸ್ಕರ ಕದ್ದಿದ್ರೆ ಒಲೇಲಿ ಸುಟ್ಟುಬಿಡ್ತಿದ್ರು. ಬೂದೀಲಿ ಕಾಗದದ ಚೂರೂ ಇಲ್ಲ. ಅಂದ್ರೆ ಆ ಪತ್ರ ಬೇಕಾಗಿದ್ದೋರು ತಗೊಂಡಿದಾರೆ. ಹೆಂಗಸಿನ ಹೆಸರಿನ ಪತ್ರ ಸೀಫಸ್‌ಗೆ ಯಾಕೆ?"

"ಲಂಗ ಹಾಕ್ಕೊಂಡು ಹೋಗ್ತಿದ್ನೇನೋ," ಎಂದ ಸೀಫಸ್. ಅಕ್ಕ ಹೆಸ್ಟರ್‌ಳ ಕೈಯ ಕಡೆ ತೋರಿಸಿದಳು.

"ನನ್ನ ಮನೇಲಿ ಭಾನುವಾರ ಇಸ್ತ್ರಿ ಒಲೆ ಹಚ್ಚಲ್ಲ. ಇಸ್ತ್ರಿ ಪೆಟ್ಟಿಗೆ ತಾಗಿದ್ರೆ ಅಗಲಕ್ಕೆ ಸುಡುತ್ತೆ. ಮೂವತ್ತು ವರ್ಷ ಸುಟ್ಕೊಂಡಿದೀನಿ. ಇದು ನೆಟ್ಟಗಿನ ಗೆರೆ. ಅಡುಗೆ ಒಲೆ ಕೆದಕೋ ಸಲಾಕೇದು."

ಹೆಸ್ಟರ್ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. "ಪತ್ರದಲ್ಲಿದ್ದಂಗೇ ಎಡಗೈ ಸುಟ್ಕೊಂಡಿದಾಳೆ, ಚಾಲಾಕಿ!"

"ಪತ್ರದಲ್ಲಿದ್ದಂಗಲ್ಲ ಲೆವಿನ್. ನೀನು ಓದಿದಂಗೆ. ಡ್ರುಸಿಲಾ ಗುರುತು ಬಲಗೈಲಿದೆ. 'ಎಡ' ಅನ್ನೋದು ನಿನ್ನ ಬಾಯಿಂದ ಬಿಟ್ಟು ಇನ್ನೆಲ್ಲೂ ಬಂದಿಲ್ಲ. ಕದ್ದ ಮೇಲೂ ಅದನ್ನೇ ನಂಬಿದೋಳು ಓದೋಕೆ ಬರದೋಳು. ಸೀಫಸ್‌ಗೆ ಓದೋಕೆ ಬರುತ್ತೆ."

ಹೆಸ್ಟರ್ ರವಿಕೆಯೊಳಗಿನಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟಳು. "ನಾಳೆ ಬೆಳಗಿನ ರೈಲಿಗೆ ಹೋಗ್ಬೇಕು ಅಂತಿದ್ದೆ. ಸ್ಟೇಷನ್ನಲ್ಲಿ ನನ್ನ ಹುಡುಕೋರು ನಿಂತಿದಾರೆ, ಬಿಡುಗಡೆ ಪತ್ರ ತೋರಿಸಿದೋರನ್ನ ಮಾತ್ರ ಬಿಡ್ತಾರೆ. ಇವರಿಗೆ ಬೇಕು ಅಂತ ಗೊತ್ತಿತ್ತು. ನನಗೂ ಬೇಕಿತ್ತು."

ಡ್ರುಸಿಲಾ ಕೈ ಎತ್ತಿದಳು, ಹೊಡೆಯಲಿಲ್ಲ.

ನಾನು ಪತ್ರ ಬಿಡಿಸಿದೆ. ಗುಮಾಸ್ತನ ಕಾಗೆ ಕಾಲು ಗುಬ್ಬಿ ಕಾಲು. ಶನಿವಾರ 'ಮಣಿಕಟ್ಟಿನ' ಹಿಂದಿನ ಪದ ತಿಳಿಯದೆ, ಎಲ್ಲರೂ ಕಾಯುತ್ತಿದ್ದಾರೆಂದು, ಊಹಿಸಿ ಓದಿ ಮುಂದೆ ಹೋಗಿದ್ದೆ. ಸೀಫಸ್ ಬಾಗಿ ನೋಡಿ "ಬಲ" ಎಂದ. ಅಷ್ಟೇ ಎಂದ, ಬೈಯಲಿಲ್ಲ. ಸಿಟ್ಟು ಬಂದರೆ ಯಾರ ಕೊರಳಪಟ್ಟಿಯನ್ನಾದರೂ ಹಿಡಿಯುವವನು ನಾನು. ಆ ದಿನ ಹಿಡಿಯಲು ನನ್ನದೇ ಇತ್ತು.

ಸೋಮವಾರ ಹನ್ನೊಂದೂವರೆಗೆ ಡ್ರುಸಿಲಾ ತಿರುಗಿ ಬಂದಳು. ಕಮಿಷನರು ಎತ್ತರ ಅಳೆಸಿ, ಬಲತೋಳು ಸರಿಸಿ ನೋಡಿ, ಬಿಟ್ಟು ಕಳಿಸಿದ್ದರು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಅವಳು ಪತ್ರವನ್ನು ಹೆಸ್ಟರ್ ಮುಂದಿಟ್ಟಳು.

"ಮೂರು ಗಂಟೆಗೆ ಇನ್ನೊಂದು ರೈಲಿದೆ. ಕೆನಡಾ ಗಡಿ ದಾಟಿದ್ರೆ ಯಾರೂ ಹಿಡಿಯಲ್ಲ, ಆಮೇಲೆ ಪತ್ರ ಅಂಚೇಲಿ ಕಳಿಸು. ಕಳಿಸಲಿಲ್ಲ ಅಂದ್ರೆ ಹುಡುಕ್ಕೊಂಡು ಬಂದು ಕೆನ್ನೆಗೆ ಬಾರಿಸ್ತೀನಿ."

ಹೆಸ್ಟರ್ ಒಲೆಯ ಕಡೆ ನೋಡಿದಳು.

"ಬೇಡ ಮಗಳೇ," ಎಂದಳು ಅಕ್ಕ. "ಕೈಗವಸು ಹಾಕ್ಕೊಂಡು ಹೋಗು."

"ಸ್ಟೇಷನ್ನಲ್ಲಿ ಅದನ್ನ ತೆಗಿ ಅಂದ್ರೆ?" ಎಂದಳು ಹೆಸ್ಟರ್.

ಬೀದಿಯ ಎಲ್ಲ ಒಗಟು ಬಿಡಿಸಿದ ಕೆಟೂರಾ ಅಕ್ಕ ಬೆಣ್ಣೆಯ ಬಟ್ಟಲನ್ನು ಒಲೆಯ ಪಕ್ಕಕ್ಕೆ ತಂದಿಟ್ಟಳು. ಹೆಸ್ಟರ್ ಸಲಾಕೆಯನ್ನು ಕೆಂಡದೊಳಗಿಟ್ಟು ರವಿಕೆಯ ಬಲತೋಳು ಮೇಲಕ್ಕೆ ಮಡಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣಾ, ಇನ್ನೊಂದ್ಸಲ ಓದಿ. ಬಲ ಅಂತಾನೇ ಇದೆಯಾ?"

ನಾನು ಆ ಪದದ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ ಓದಿದೆ.