ಬತ್ತಿದ ಹೊಳೆಯ ದೋಣಿಗಳು

ಮುತ್ತಿಗೆಯ ಹಿಂದಿನ ದಿನ ಸೇನಾಪತಿಗೆ ನೆಗಡಿಯಾಗಿತ್ತೇ ಇಲ್ಲವೇ ಎಂಬುದು ಮನುಕುಲ ಇದುವರೆಗೆ ಕಡೆಗಣಿಸಿಕೊಂಡು ಬಂದ ಮಹಾಪ್ರಶ್ನೆಗಳಲ್ಲೊಂದು. ಅದು ಕೊನೆಗೂ ಪ್ರಕಾಶನ ಸಂಸ್ಥೆಯೊಂದರ ಎರಡನೇ ಮಹಡಿಯಲ್ಲಿ, ಫ್ಯಾನು ಕಿರುಗುಟ್ಟುವ ಕೋಣೆಯಲ್ಲಿ ಚರ್ಚೆಗೆ ಬಂತು.

"ಆಧಾರ?" ಎಂದ ಅವನು.

"ಮುನ್ನೂರು ವರ್ಷದ ಹಿಂದಿನ ಸೀನಿಗೆ ಆಧಾರ ಎಲ್ಲಿಂದ ತರ್ಲಿ? ಅವನ ಕರವಸ್ತ್ರ ತಂದುಕೊಡ್ಲಾ?"

ಅವಳು ಲೇಖಕಿ. ಒಂದೇ ಪುಸ್ತಕಕ್ಕೆ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಕಿತ್ತಾಡುವಂತೆ ಚರಿತ್ರೆ ಬರೆಯುವವಳು. ಅವನು ಆ ಬರಹದ ನಿಜ ಸುಳ್ಳು ಪರೀಕ್ಷಿಸುವವನು. ಪುಟದ ಅಂಚಿನಲ್ಲೆಲ್ಲ ಪೆನ್ಸಿಲಿನಿಂದ 'ಆಧಾರ?' ಎಂದು ಬರೆದು ಬರೆದು ಆಫೀಸಿಗೆಲ್ಲ ಆಧಾರಪ್ಪನೇ ಆಗಿಬಿಟ್ಟಿದ್ದ. ಅವಳ ಮೊದಲ ಪುಸ್ತಕದಲ್ಲಿ ತಪ್ಪುಗಳು ಸಿಕ್ಕಿ ಶಾಲೆಗಳು ಅದನ್ನು ಕಪಾಟಿನಿಂದ ಇಳಿಸಿದ್ದವು. ಇದರಲ್ಲೂ ಸಿಕ್ಕರೆ ಮುಂದಿನದನ್ನು ಯಾರೂ ಮುದ್ರಿಸುವುದಿಲ್ಲ. ಆದ್ದರಿಂದ ಈ ಪೆನ್ಸಿಲ್.

"ಪಾಳೆಯಕ್ಕೆ ಒಣಶುಂಠಿ ತರಿಸಿದ್ದು ದಾಖಲೆಯಲ್ಲಿ ಸಿಕ್ತು," ಎಂದ ಅವನು ಮೆಲ್ಲಗೆ. "ರಜಾ ದಿನ ಹೋಗಿ ಹುಡುಕಿದೆ. 'ಸೀನಿದ' ಬೇಡ. 'ಸೀನಿರಲಿಕ್ಕೂ ಸಾಕು' ಅನ್ನಿ."

ರಜಾ ದಿನ! ಜಗಳಕ್ಕೆಂದು ಕೂಡಿಟ್ಟುಕೊಂಡು ಬಂದ ಮಾತೆಲ್ಲ ಅವಳ ನಾಲಿಗೆಯಲ್ಲೇ ಕರಗಿತು. ತಲೆಯೆತ್ತಿದಳು. ಅವನು ಕನ್ನಡಕ ಒರೆಸುತ್ತಿದ್ದ; ಒರೆಸಬೇಕಾದದ್ದೇನೂ ಅದರಲ್ಲಿರಲಿಲ್ಲ.

ಪ್ರತಿ ಅಧ್ಯಾಯವನ್ನೂ ಅವಳು ಮೊದಲು ಅಜ್ಜಿಗೆ ಓದಿ ಹೇಳುತ್ತಿದ್ದಳು. ಅಜ್ಜಿ ತೂಕಡಿಸಿದ ಕಡೆ ಕತ್ತರಿ. ಈಚೆಗೆ ಅಜ್ಜಿಗೆ ತೂಕಡಿಕೆಯೇ ಬರುತ್ತಿರಲಿಲ್ಲ.

"ಏನೇ, ಬರವಣಿಗೆಗೆ ಜೀವ ಬಂದ್ಬಿಟ್ಟಿದೆ? ಯಾರೋ ಓದ್ಲಿ ಅಂತ ಬರೀತಿದ್ದೀಯ."

"ಮಕ್ಕಳಿಗಜ್ಜಿ."

"ಹೂಂ ಹೂಂ. ಕನ್ನಡಕ ಹಾಕ್ಕೊಂಡ ಮಗು."

ಏಳನೆಯ ಅಧ್ಯಾಯ ಒಂದೂ ಪೆನ್ಸಿಲ್ ಗುರುತಿಲ್ಲದೆ ವಾಪಸ್ಸು ಬಂತು. ಮೂರನೆಯ ದಿನ ಸಂಪಾದಕಿಯ ಫೋನು: "ಆಧಾರಪ್ಪ ನಿಮ್ಮ ಪುಸ್ತಕ ನನಗೆ ಬೇಡ ಅಂತಿದಾರೆ ಕಣ್ರೀ. ಏನು ಮಾಡಿದ್ರಿ?"

ಖಾಲಿ ಅಂಚನ್ನು ಅವಳು ನೋಡುತ್ತ ಕೂತಳು. ಬಯ್ಯುವವರು ಬಯ್ಯುವುದನ್ನು ಬಿಟ್ಟರೆ ಆಗುವ ಸಂಕಟ ಬೈಗುಳದ್ದಕ್ಕಿಂತ ಹೆಚ್ಚು. ಮರುದಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಅವನ ಮೇಜಿನ ಮುಂದೆ ನಿಂತಳು.

"ಅಷ್ಟು ಬೇಜಾರಾಯ್ತಾ ನನ್ನ ಪುಸ್ತಕ? ಒಂದು ಪ್ರಶ್ನೆ ಕೇಳೋಕೂ ಮನಸ್ಸಾಗ್ಲಿಲ್ವಾ?"

"ಏಳನೇ ಅಧ್ಯಾಯದಲ್ಲಿ ಸೈನ್ಯ ಹೊಳೆ ದಾಟುತ್ತೆ."

"ದೋಣಿಯಲ್ಲಿ. ಅದಕ್ಕೇನೀಗ?"

"ಕಡು ಬೇಸಿಗೆ. ಹೊಳೆ ಬತ್ತಿತ್ತು. ಆರನೇ ಅಧ್ಯಾಯದಲ್ಲಿ ನೀವೇ ಬರೆದಿದ್ದೀರಿ."

ಒಣ ಮರಳಿನ ಮೇಲೆ ಇಡೀ ಸೈನ್ಯ ಹುಟ್ಟು ಹಾಕುತ್ತಿರುವುದು, ಶಾಲೆಗೆ ಶಾಲೆಯೇ ನಗುತ್ತಿರುವುದು ಅವಳ ಕಣ್ಣಿಗೆ ಕಟ್ಟಿತು.

"ಮತ್ತೆ ಗುರುತು ಯಾಕೆ ಹಾಕ್ಲಿಲ್ಲ?"

"ಕಾಣಿಸ್ಲೇ ಇಲ್ಲ. ಎರಡು ದಿನ ಬಿಟ್ಟು, ಸ್ನಾನ ಮಾಡುವಾಗ ತಲೆಗೆ ಹೋಯ್ತು. ಓದ್ತಿದ್ದಾಗ ನನಗೆ ಹುಟ್ಟಿನ ಸದ್ದು ಕೇಳಿಸ್ತಿತ್ತು, ನೀರು ಮೈಗೆ ಸಿಡೀತಿತ್ತು." ಅವನ ಕಿವಿ ಕೆಂಪಾಯಿತು. "ನೀವು ಬರೆದಿದ್ದನ್ನೆಲ್ಲ ನಂಬೋ ಹಾಗಾಗಿದೀನಿ. ನಂಬೋನು ಈ ಕೆಲಸಕ್ಕೆ ನಾಲಾಯಕ್ಕು. ಬೇರೆಯವರು ನೋಡ್ಲಿ. ಪುಸ್ತಕ ಉಳೀಬೇಕು."

ಅವಳ ಪುಸ್ತಕ ಉಳಿಯಲೆಂದು ಅವಳಿಂದಲೇ ದೂರ ಹೋಗಲು ಹೊರಟ ಪುಣ್ಯಾತ್ಮ! ಚರಿತ್ರೆ ಬರೆಯುವವರಿಗೆ ಓದುಗರು ಸಿಗುತ್ತಾರೆ, ಟೀಕಾಕಾರರಂತೂ ಬೇಡವೆಂದರೂ ಸಿಗುತ್ತಾರೆ. ಬತ್ತಿದ ಹೊಳೆಯಲ್ಲಿ ನೆನೆದು ಬರುವವನು ಸಿಗುವುದು ಜನ್ಮಕ್ಕೊಬ್ಬ.

"ಪುಸ್ತಕ ಬಿಡಿ," ಎಂದಳು. "ನನ್ನನ್ನೂ ಬಿಡ್ಬೇಕು ಅಂತ ಎಲ್ಲಿದೆ?"

ಅಭ್ಯಾಸಬಲದಿಂದ ಅವನ ತುಟಿ ಅಲುಗಿತು.

"ಆಧಾರ ಕೇಳಿದ್ರೆ ನೋಡಿ ಮತ್ತೆ!"

"ಕೇಳಲ್ಲ," ಎಂದ ಅವನು, ನಗುತ್ತ. "ನಂಬ್ತೀನಿ ಅಂದ್ನಲ್ಲ."

ಪುಸ್ತಕವನ್ನು ಬೇರೊಬ್ಬರು ಪರಿಶೀಲಿಸಿದರು. ಸೈನ್ಯ ನಡೆದೇ ಹೊಳೆ ದಾಟಿತು. ಶಾಲೆಗಳು ಪುಸ್ತಕ ಕೊಂಡವು. ಅವರಿಬ್ಬರೂ ಆ ವರ್ಷವೇ ಮದುವೆಯಾದರು.