ಟಿವಿ ಕೆಳಗಿನ ಡಿಸ್ಕ್

ಕಾರ್ಖಾನೆಯಲ್ಲಿ ಬೆಂಕಿ ಎದ್ದ ದಿನ ಬಾಗಿಲು ತೆಗೆಯಲು ನಾಲ್ಕು ನಿಮಿಷ ತಡವಾಯಿತು. ಅಷ್ಟೇ. ಆ ನಾಲ್ಕು ನಿಮಿಷವನ್ನು ಹಿಡಿದುಕೊಂಡು ತನ್ನ ಹದಿನೆಂಟು ವರ್ಷದ ದುಡಿಮೆಯನ್ನು ಬೀದಿಗೆಳೆಯಲು ಹೊರಟಿದ್ದವನು ಹೊರಗಿನವನಲ್ಲ, ಹೆಂಡತಿಯ ಒಡಹುಟ್ಟಿದ ತಮ್ಮ ಎಂಬುದೇ ಮೇಲ್ವಿಚಾರಕನ ಹೊಟ್ಟೆಯಲ್ಲಿ ಕಿಚ್ಚಿಟ್ಟಿತ್ತು. ಅವನನ್ನು ಬಟ್ಟೆ ಕಾರ್ಖಾನೆಯ ಕತ್ತರಿ ಮೇಜಿಗೆ ಸೇರಿಸಿದ್ದು ಯಾರು? ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದು ಯಾರು? ಈಗ ನೋಡಿದರೆ ಅದೇ ಕೋಣೆಯಿಂದ ಬಂದು, ತಲೆ ತಗ್ಗಿಸಿ, ಎದುರು ನಿಂತಿದ್ದ.

"ಭಾವ, ನಾನು ತೆಗೆದ ವಿಡಿಯೊದಲ್ಲಿ ನಿಮ್ಮ ಮುಖ ಇಲ್ಲ. ದನಿ ಮಾತ್ರ ಇದೆ. 'ಮಾಲೀಕರನ್ನ ಕೇಳಿ ತೆಗೀತೀನಿ, ತಡ್ಕೊಳ್ಳಿ' ಅಂತೀರಿ. ಬೀಗ ಹಾಕಿಸಿದ್ದು ಯಾರು ಅಂತ ನೀವೇ ಹೇಳಿಬಿಡಿ. ಸಾಕ್ಷಿ ಆಗ್ತೀರಿ, ಅಪರಾಧಿ ಆಗಲ್ಲ."

"ವಿಡಿಯೊ ಎಲ್ಲಿದೆ?"

"ಟಿವಿ ಕೆಳಗಿನ ಹಾರ್ಡ್ ಡಿಸ್ಕಲ್ಲಿ. ಫೋನನ್ನ ಗೇಟಿನವರು ಮಾರನೇ ದಿನವೇ ಕಿತ್ಕೊಂಡು ಒಡೆದ್ರಲ್ಲ."

"ಬೇರೆ ಯಾರಿಗಾದ್ರೂ ಕಳಿಸಿದ್ದೀಯಾ?"

"ಇಲ್ಲ. ಅದರಲ್ಲಿರೋ ಹೆಂಗಸರ ಮುಖ ಹೊರಗೆ ಬಿದ್ರೆ ಇನ್ನೆಲ್ಲೂ ಅವರಿಗೆ ಕೆಲಸ ಸಿಗಲ್ಲ. ವಿಚಾರಣೆ ಅಧಿಕಾರಿ ಕೈಗೇ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ನಿಮಗೊಬ್ಬರಿಗೇ ಹೇಳಿರೋದು, ಭಾವ."

ಅಂಗಿಗೆ ಗುಂಡಿ ಹೊಲಿಯುವ ಇಬ್ಬರು ಹೆಂಗಸರು ಆ ಬಾಗಿಲ ಹಿಂದೆ ಹೊಗೆ ಕುಡಿದು ಸತ್ತಿದ್ದರು. ಮೇಲ್ವಿಚಾರಕನಿಗೆ ಅವರ ಮಿಷನ್ನಿನ ನಂಬರುಗಳು ನೆನಪಿದ್ದವು, ಹೆಸರುಗಳಲ್ಲ. ಬಾಗಿಲು ತೆರೆದೇ ಇತ್ತು, ಹೆಂಗಸರು ಗಾಬರಿಯಲ್ಲಿ ದಾರಿ ತಪ್ಪಿದರು ಎಂದು ಮಾಲೀಕರು ಹೇಳಿಕೆ ಬರೆಸಿಟ್ಟಿದ್ದರು. ಆಮೇಲೆ ಇವನ ಹೆಗಲ ಮೇಲೆ ಕೈಯಿಟ್ಟು, ಹೊಸ ಕಾರ್ಖಾನೆಗೆ ಒಬ್ಬ ಮ್ಯಾನೇಜರ್ ಬೇಕು, ನಂಬಿಕಸ್ಥ ಬೇಕು ಎಂದಿದ್ದರು. ಆ ಕೈಯ ಭಾರ ಇನ್ನೂ ಹೆಗಲಿನಿಂದ ಇಳಿದಿರಲಿಲ್ಲ. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ನಡೆಯಬೇಕು. ನಡುಮನೆಯ ಗೋಡೆಯಿಂದ ಗೋಡೆಗೆ ಹನ್ನೊಂದು ಹೆಜ್ಜೆ. ಎಣಿಸಿ ಎಣಿಸಿ ಸವೆಸಿದ್ದ.

ಡಿಸ್ಕನ್ನು ಒಡೆದು ಹಾಕುವುದು ದಡ್ಡರ ಕೆಲಸ. ಅದರಲ್ಲಿ ತೀರಿಹೋದ ಮಾವನವರ ದನಿಯಿತ್ತು, ಮಗಳ ಮೊದಲ ಹೆಜ್ಜೆಯಿತ್ತು; ಒಡೆದರೆ ಹೆಂಡತಿ ಬದುಕಲು ಬಿಡುತ್ತಿರಲಿಲ್ಲ. ಮೇಲಾಗಿ ಒಡೆದ ಡಿಸ್ಕ್ ಮಾತಾಡುತ್ತದೆ, ಯಾರು ಒಡೆದರು ಎಂದು. ತಾನಾಗಿ ಕೆಟ್ಟ ಡಿಸ್ಕ್ ಬಾಯಿ ಬಿಡುವುದಿಲ್ಲ. ಇದು ಅವನ ಕಸುಬಿನ ವಿದ್ಯೆ. ಹದಿನೆಂಟು ವರ್ಷ ಅವನು ಬರೆದ ವರದಿಗಳಲ್ಲಿ ತುಂಡಾದ ಪ್ರತಿ ಬೆರಳಿಗೂ ಮಿಷನ್ನೇ ಹೊಣೆ. ಮಿಷನ್ನಿಗೆ ಸಂಘವಿಲ್ಲ, ವಕೀಲನಿಲ್ಲ, ಅಳುವ ಮಕ್ಕಳಿಲ್ಲ. ಎಷ್ಟು ಬೇಕಾದರೂ ಹೊರುತ್ತದೆ.

ಈ ಮನೆಯಲ್ಲಂತೂ ಹೊರಲು ಎರಡು ಯಂತ್ರಗಳು ಸಿದ್ಧವಾಗಿದ್ದವು. ಒಳಕೋಣೆಯಲ್ಲಿ ಇವನ ಕಂಪ್ಯೂಟರ್, ಅದರಲ್ಲಿ ವಿಂಡೋಸ್. ನಡುಮನೆಯ ಟಿವಿ ಕೆಳಗೆ ಸಿನಿಮಾ ನೋಡಲು ಒಂದು ಡಬ್ಬ. ಪಕ್ಕದ ಬೀದಿಯ ರಿಪೇರಿಯವನು ಹಳೇ ಬಿಡಿಭಾಗ ಜೋಡಿಸಿ, ಈ ಮುದಿ ಮೈಗೆ ವಿಂಡೋಸ್ ಭಾರ ತಾಳುವುದಿಲ್ಲವೆಂದು ಲಿನಕ್ಸ್ ಎಂಬ ಹಗುರವಾದ ಬೇರೆ ತಂತ್ರಾಂಶ ತುಂಬಿ ಕೊಟ್ಟದ್ದು. ಡಿಸ್ಕ್ ಆ ಡಬ್ಬಕ್ಕೆ ಅಂಟಿಕೊಂಡಿತ್ತು. ಮನೆಯೊಳಗೇ ಎಳೆದ ಒಂದು ತಂತಿಯ ಮೂಲಕ ಕೋಣೆಯ ಕಂಪ್ಯೂಟರೂ ಅದೇ ಡಿಸ್ಕನ್ನು ತೆರೆಯುತ್ತಿತ್ತು. ಒಂದೇ ಡಿಸ್ಕ್, ಇಬ್ಬರು ಯಜಮಾನರು. ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ವಿಚಾರಣೆಗೆ ಹದಿನೈದು ದಿನವಿರುವಾಗಲೇ ಅವನು ಜಗಳ ಹಚ್ಚಲು ಶುರುಮಾಡಿದ. ಹೆಂಡತಿ ಸಿನಿಮಾ ನೋಡುತ್ತಿರುವಾಗ ಕೋಣೆಯಿಂದ ದೊಡ್ಡ ದೊಡ್ಡ ಫೈಲುಗಳನ್ನು ಡಿಸ್ಕಿಗೆ ತಳ್ಳಿದ, ಚಿತ್ರ ತೊದಲಿತು. ಯಾರೂ ಇಲ್ಲದಾಗ ಡಿಸ್ಕಿನ ವೈರು ಕಿತ್ತು ಮತ್ತೆ ಚುಚ್ಚಿದ. ಸಂಜೆ ಟಿವಿ ಮುಖ ಕಪ್ಪಿಟ್ಟಿತು.

"ಇವೆರಡಕ್ಕೂ ಒಂದಕ್ಕೊಂದು ಆಗಿಬರಲ್ಲ," ಎಂದ ಊಟಕ್ಕೆ ಕೂತಾಗ.

"ಓರಗಿತ್ತಿಯರು ಅನ್ನಿ," ಎಂದಳು ಹೆಂಡತಿ. ಅವಳ ತಾಯಿಗೆ ನಗು ತಡೆಯದೆ ಅನ್ನ ನೆತ್ತಿಗೇರಿತು.

ನಾಲ್ಕನೆಯ ಸಲಕ್ಕೆ ಇವನು ಹೇಳಬೇಕಾಗಿಯೇ ಬರಲಿಲ್ಲ. ಮಗಳೇ ಟಿವಿಗೆ ಬೆನ್ನು ತಿರುಗಿಸಿ, "ಮತ್ತೆ ಜಗಳ ಆಡ್ಕೊಂಡಿವೆ," ಎಂದು ಎದ್ದು ಹೋದಳು. ಮೇಲ್ವಿಚಾರಕ ತಟ್ಟೆಯ ಕಡೆ ನೋಡಿಕೊಂಡು ಒಳಗೊಳಗೇ ಬೀಗಿದ. ಸಾಕ್ಷಿಗಳು ತಯಾರಾಗಿದ್ದರು, ತಾವು ಸಾಕ್ಷಿಗಳೆಂದು ಅವರಿಗೇ ಗೊತ್ತಿಲ್ಲದೆ.

ವಿಚಾರಣೆ ಗುರುವಾರ ಬೆಳಗ್ಗೆ. ಅವನು ಬುಧವಾರವನ್ನು ಆರಿಸಿಕೊಂಡ. ಅಂದು ರಿಪೇರಿಯವನ ಅಂಗಡಿಗೆ ರಜೆ, ಯಾರನ್ನೂ ಕರೆತರುವಂತಿಲ್ಲ. ಅತ್ತೆಯ ಕಣ್ಣು ತೋರಿಸಲು ಅಂದೇ ವೈದ್ಯರ ಸಮಯ ಗೊತ್ತುಮಾಡಿಸಿದ. ಅತ್ತೆ, ಹೆಂಡತಿ ಹೊರಟರು. ಮಗಳು ಶಾಲೆಗೆ. ಭಾವಮೈದುನ ಸಂಘದ ಸಭೆಗೆ. ಹೊಗೆ ಎದ್ದ ದಿನದಿಂದ ಕಾರ್ಖಾನೆಗೆ ಸರ್ಕಾರವೇ ಬೀಗ ಜಡಿದಿತ್ತು, ಹಾಗಾಗಿ ತಲೆನೋವೆಂದು ಇವನು ಮಲಗಿದ್ದರೆ ಕೇಳುವವರಿಲ್ಲ.

ಬಾಗಿಲು ಮುಚ್ಚಿದ ಸದ್ದಿಗೇ ಎದ್ದ. ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಟಿವಿಯಲ್ಲಿ ಡಿಸ್ಕ್ ತೆರೆದ. ಅಳಿಸುವುದು ಕೋಣೆಯಿಂದಲ್ಲ, ಈ ಡಬ್ಬದಿಂದಲೇ ಎಂದು ಮೊದಲೇ ತೀರ್ಮಾನಿಸಿದ್ದ. ವಿಂಡೋಸ್ ಅಳಿಸಿದ್ದನ್ನು ಕಸದ ಬುಟ್ಟಿಗೆ ಹಾಕುತ್ತದೆ, ಅದು ಎಳೆ ಮಕ್ಕಳಿಗೂ ಗೊತ್ತು. ಟಿವಿ ಪರದೆಯ ಮೇಲೆ ಬುಟ್ಟಿಯೇ ಇಲ್ಲ. ಬುಟ್ಟಿಯೇ ಇಲ್ಲದ ಮೇಲೆ ಕಸ ಉಳಿಯುವುದೆಲ್ಲಿ?

ಒಂದನ್ನೇ ಅಳಿಸಿದರೆ ಕೈವಾಡ ಕಾಣುತ್ತದೆ. ಎರಡು ಸಿನಿಮಾ, ಮಗಳ ಐದು ಕಾರ್ಟೂನು, ತನ್ನದೇ ಮದುವೆಯ ವಿಡಿಯೊದ ನಾಲ್ಕು ತುಂಡು. ಒಟ್ಟು ಹನ್ನೊಂದು. ಹನ್ನೆರಡನೆಯದು ಅದು. ಒಮ್ಮೆ ಕೇಳಿಬಿಡಲೇ ಎನಿಸಿತು. ಕೇಳಲಿಲ್ಲ. ಒತ್ತಿದ. ಹೋಯಿತು. ಒಳಗೋಡಿ ಕೋಣೆಯ ಕಂಪ್ಯೂಟರಿನಲ್ಲೂ ಹುಡುಕಿದ. ಅಲ್ಲೂ ಇಲ್ಲ. ಅಳಿಸಿದ ಜಾಗವನ್ನು ಕೆದಕಿ ತೆಗೆಯುವ ತಂತ್ರಗಳಿವೆ ಎಂದು ಓದಿದ್ದ; ಅದಕ್ಕೂ ಮದ್ದು ಇಟ್ಟುಕೊಂಡಿದ್ದ. ಡಿಸ್ಕಿನಲ್ಲಿ ಸಾಸಿವೆ ಕಾಳಿಗೂ ಜಾಗ ಉಳಿಯದಂತೆ, ಇನ್ನು ಆಗದು ಎಂದು ಪರದೆಯೇ ಕೈ ಮುಗಿಯುವವರೆಗೆ, ಹೊಸ ಸಿನಿಮಾಗಳನ್ನು ತುಂಬಿದ. ಅದು ತುಂಬುವಷ್ಟು ಹೊತ್ತೂ ನಡುಮನೆಯಲ್ಲಿ ಹನ್ನೊಂದು ಹೆಜ್ಜೆ, ಮತ್ತೆ ಹನ್ನೊಂದು.

ಸಂಜೆ ಭಾವಮೈದುನ ಟಿವಿ ಮುಂದೆ ಕುಸಿದು ಕೂತ. "ಅಕ್ಕಾ, ಇಲ್ಲ ಕಣೇ. ಇಲ್ಲೇ ಇತ್ತು."

"ನನ್ನ ಮದುವೇನೂ ಅರ್ಧ ಹೋಗಿದೆ ನೋಡೋ," ಎಂದಳು ಅಕ್ಕ, ಕಣ್ಣಲ್ಲಿ ನೀರು. "ಅವರು ಬಡ್ಕೊಂಡ್ರು, ಇವೆರಡನ್ನ ಒಟ್ಟಿಗೆ ಕಟ್ಟಬೇಡಿ ಅಂತ. ಕೇಳಿದ್ರಾ ಯಾರಾದ್ರೂ?"

ಮೇಲ್ವಿಚಾರಕ ಮೈದುನನ ಬೆನ್ನು ಸವರಿದ. "ನಾಳೆ ಡಿಸ್ಕನ್ನೇ ಅಧಿಕಾರಿಗೆ ಕೊಡೋಣ. ನಾನೇ ಹೊತ್ಕೊಂಡು ಬರ್ತೀನಿ. ಮುಚ್ಚಿಡೋದೇನಿದೆ?"

ಗುರುವಾರ ವಿಚಾರಣೆಯ ಕೋಣೆ ಕಿಕ್ಕಿರಿದಿತ್ತು. ಬೆಂಚುಗಳ ತುಂಬ ಹೊಲಿಗೆಯ ಹೆಂಗಸರು, ಇನ್ನೂ ಕೆಮ್ಮುತ್ತಿದ್ದವರು. ಮೈದುನ ತನ್ನ ಕತೆ ಹೇಳಿ ಮುಗಿಸಿದಾಗ ಮಾಲೀಕರ ವಕೀಲ ಮೀಸೆಯಡಿ ನಕ್ಕ. ಅಧಿಕಾರಿ ನಡುವಯಸ್ಸಿನ ಹೆಂಗಸು. ಮೇಲ್ವಿಚಾರಕನ ಕಡೆ ತಿರುಗಿದರು.

"ಈ ಡಿಸ್ಕನ್ನ ಯಾರಾದ್ರೂ ಮುಟ್ಟಿರಬಹುದಲ್ಲ?"

ಈ ಪ್ರಶ್ನೆಗೇ ಅವನು ಕಾದಿದ್ದ. ಮನುಷ್ಯರ ಕೈಯನ್ನು ದೂರ ಇಟ್ಟಷ್ಟೂ ಯಂತ್ರದ ತಪ್ಪು ದೊಡ್ಡದಾಗುತ್ತದೆ. "ಸಾಧ್ಯವೇ ಇಲ್ಲ, ಮೇಡಂ. ಬುಧವಾರ ಬೆಳಗ್ಗಿನವರೆಗೂ ವಿಡಿಯೊ ಇತ್ತು ಅಂತ ಅವನೇ ಹೇಳ್ತಿದ್ದಾನೆ. ಆಮೇಲೆ ಸಂಜೆವರೆಗೂ ಮನೇಲಿದ್ದದ್ದು ನಾನೊಬ್ಬನೇ. ಒಂದು ನರಪಿಳ್ಳೆ ಒಳಗೆ ಬಂದಿಲ್ಲ. ನಾನೂ ಟಿವಿ ಹತ್ತಿರ ಸುಳಿದಿಲ್ಲ."

"ಬರೆದು ಸಹಿ ಹಾಕ್ತೀರಾ?"

"ಧಾರಾಳವಾಗಿ," ಎಂದು ಹಾಕಿದ. ಎಷ್ಟೋ ದಿನದ ಮೇಲೆ ಅವನ ಕಾಲು ನೆಲದ ಮೇಲೆ ಸುಮ್ಮನೆ ನಿಂತಿತು.

ಅಧಿಕಾರಿ ಡಿಸ್ಕಿನ ವೈರನ್ನು ತಮ್ಮ ಲ್ಯಾಪ್‌ಟಾಪಿಗೆ ನೇರವಾಗಿ ಚುಚ್ಚಿದರು. ಅದರಲ್ಲಿದ್ದದ್ದು ವಿಂಡೋಸ್. ಪಟ್ಟಿಯ ತುತ್ತತುದಿಯಲ್ಲಿ, ಮನೆಯ ಎರಡೂ ಪರದೆಗಳಲ್ಲಿ ಅವನು ಎಂದೂ ಕಾಣದ ಒಂದು ಫೋಲ್ಡರ್ ಕೂತಿತ್ತು. ಅದರ ಹೆಸರು ಒಂದು ಚುಕ್ಕೆಯಿಂದ ಶುರುವಾಗುತ್ತಿತ್ತು. ಲಿನಕ್ಸ್ ಅಳಿಸಿದ್ದನ್ನು ಸುಟ್ಟು ಹಾಕುವುದಿಲ್ಲ. ಅದೇ ಡಿಸ್ಕಿನಲ್ಲಿ ಚುಕ್ಕೆ ಹೆಸರಿನದೊಂದು ಫೋಲ್ಡರ್ ಮಾಡಿ ಅದರೊಳಗೆ ಎತ್ತಿಡುತ್ತದೆ. ಚುಕ್ಕೆಯಿಂದ ಶುರುವಾಗುವುದನ್ನು ತನ್ನ ಪರದೆಯಲ್ಲಿ ತೋರಿಸುವುದಿಲ್ಲ, ತಂತಿಯ ಮೂಲಕ ಇಣುಕುವ ಕೋಣೆಯ ಕಂಪ್ಯೂಟರಿಗೂ ಕಾಣಗೊಡುವುದಿಲ್ಲ. ನೇರ ಚುಚ್ಚಿದ ವಿಂಡೋಸಿಗೆ ಆ ಮುಲಾಜಿಲ್ಲ, ಚುಕ್ಕೆಯೂ ಅದಕ್ಕೆ ಒಂದು ಅಕ್ಷರವೇ. ಅಧಿಕಾರಿ ತೆರೆದರು. ಹನ್ನೆರಡೂ ಫೈಲುಗಳು ಮೈ ಮುಕ್ಕಾಗದೆ ಇದ್ದವು, ಒಂದೊಂದಕ್ಕೂ ಲಿನಕ್ಸ್ ತಾನಾಗಿ ಬರೆದಿಟ್ಟ ಪುಟ್ಟ ಚೀಟಿಯ ಸಮೇತ: ಯಾವುದು, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಅಳಿಸಿದ್ದು. ವಿಡಿಯೊ ಒತ್ತಿದ್ದೇ ಕೋಣೆಯ ತುಂಬ ಬಾಗಿಲಿಗೆ ಗುದ್ದುವ ಮುಷ್ಟಿಗಳ ಸದ್ದು. ಅದರ ಮೇಲೆ, ತಡ್ಕೊಳ್ಳಿ ತಡ್ಕೊಳ್ಳಿ ಎಂದು, ಅವನದೇ ದನಿ. ಅಧಿಕಾರಿ ಸಹಿಯ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು, ಚೀಟಿಯನ್ನು ತೆರೆದು, ಪರದೆಯನ್ನು ಅವನತ್ತ ತಿರುಗಿಸಿದರು. "ಬುಧವಾರ ಅಂತಿದೆ. ಗಂಟೆ ಎಷ್ಟು ಅಂತ ನೀವೇ ಓದಿ. ಹಿಂದಿನ ಬೆಂಚಿನವರಿಗೂ ಕೇಳಿಸಲಿ."